ತಲೆದಿಂಬಿಗೆ ಕಟ್ಟಿದ ಹಗ್ಗ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಣ್ಣನಿಗೆ,

ಸಿಟ್ಟು ಇನ್ನೂ ಇಳಿಯದ ತಂಗಿಯ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿಲ್ಲ ಎಂದು ನೀನೇ ತೀರ್ಮಾನ ಮಾಡಿಬಿಟ್ಟಿರುವುದರಿಂದ ಇದನ್ನು ಮೊದಲೇ ಹೇಳಬೇಕಾಯಿತು.

ಈ ತಿಂಗಳ ಕೊನೆಗೆ ನನ್ನ ತಂಗಿ ರೂಮು ಖಾಲಿ ಮಾಡ್ತಾಳೆ ಎಂದು ನೀನು ಮಾಲೀಕರಿಗೆ ಹೇಳಿ ಹೋದದ್ದು ನನಗೆ ಹೇಗೆ ತಿಳಿಯಿತು ಗೊತ್ತೇ? ಯಾರೋ ಗಂಡ ಹೆಂಡತಿ ಬಂದು, ನಾನು ಊಟಕ್ಕೆ ಕೂತಿರುವಾಗಲೇ ನನ್ನ ಕಿಟಕಿಯ ಅಳತೆ ತೆಗೆದುಕೊಳ್ಳತೊಡಗಿದರು. ಪರದೆ ಹಾಕಿಸುವುದಕ್ಕಂತೆ. ನನಗೆ ಕಿವಿ ಕೇಳಿಸುವುದಿಲ್ಲ, ನಿಜ. ಹಾಗಂತ ನನ್ನ ಬದುಕಿನ ಮಾತನ್ನು ನನ್ನ ಬೆನ್ನ ಹಿಂದೆ ಆಡಿ ಮುಗಿಸಬಹುದು ಎಂದು ಯಾರು ಹೇಳಿದರು ನಿನಗೆ? ರೂಮು ಖಾಲಿ ಇಲ್ಲ ಎಂದು ಹೇಳಿ ಅವರನ್ನು ಕಳಿಸಿಬಿಟ್ಟೆ.

ಮಳೆಗಾಲದಲ್ಲಿ ಆದದ್ದನ್ನು ನಾನು ಇಲ್ಲ ಎನ್ನುವುದಿಲ್ಲ. ಬೆಳಗಿನ ಜಾವ ದೊಡ್ಡ ಚರಂಡಿ ಉಕ್ಕಿ ಬೀದಿಗೆ ನೀರು ನುಗ್ಗಿತು. ಎಲ್ಲರೂ ಕೂಗಾಡಿಕೊಂಡು ಓಡಿದರು, ನಾನೊಬ್ಬಳು ಮಹಾರಾಣಿಯ ಹಾಗೆ ಮಲಗಿದ್ದೆ. ಮಾಲೀಕರು ಚಿಲಕ ಮುರಿದು ಎಬ್ಬಿಸುವ ಹೊತ್ತಿಗೆ ನನ್ನ ಮಹಡಿಯ ಮೆಟ್ಟಿಲು ಅರ್ಧದವರೆಗೆ ಮುಳುಗಿತ್ತು. ಆಮೇಲೆ ಎಷ್ಟೋ ದಿನ ಮಲಗಲು ಹೆದರುತ್ತಿದ್ದೆ. ನೀನು ಹೆದರಿದ್ದೂ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೆ ಮದ್ದು ನನ್ನನ್ನು ನಿನ್ನ ನಡುಮನೆಯಲ್ಲಿ ಮಂಚ ಹಾಕಿ ಕೂರಿಸುವುದೇ? ಅಲ್ಲಿ ನಾನು ಏಳುವುದು, ಮಲಗುವುದು, ಯಾರ ಜೊತೆ ಮಾತಾಡುವುದು, ಎಲ್ಲಕ್ಕೂ ನಿನ್ನ ಕಾವಲು. ಪ್ರೀತಿಯ ಕಾವಲೇ ಇರಬಹುದು, ನನಗೆ ಬೇಡ.

ಇನ್ನು ನೀನು ಕೊಡಿಸಿದ ಆ ಕೆಂಪು ಚೀಲದ ಕಥೆ. ಆಪತ್ಕಾಲಕ್ಕೆ ಬೇಕಾದ್ದೆಲ್ಲ ಇದರಲ್ಲಿದೆ ಎಂದು ನೀನು ನಿಮ್ಮ ಮನೆಯ ಮೇಜಿನ ಮೇಲೆ ಒಂದೊಂದಾಗಿ ಹರಡಿದೆ. ಹಿಡಿ ತಿರುಗಿಸಿದರೆ ಹಾಡುವ ರೇಡಿಯೋವನ್ನು ಬೆವರು ಬರುವ ತನಕ ತಿರುಗಿಸಿದೆ. ಆಮೇಲೆ ಸೈರನ್ ಡಬ್ಬಿಯ ಗುಂಡಿ ಒತ್ತಿದೆ. ಅತ್ತಿಗೆ ಕಿವಿ ಮುಚ್ಚಿಕೊಂಡು ಗೋಡೆಗೆ ಆತುಕೊಂಡರು, ಗೇಟಿನ ಬಳಿ ಇದ್ದ ನಾಯಿ ಬಾಲ ಮುದುರಿ ಓಡಿತು, ನೀನು ನನ್ನ ಕಡೆ ತಿರುಗಿ, ಜೋರಾಗಿದೆ ತಾನೆ, ಸಾಕಲ್ವಾ ನಿಂಗೆ, ಎಂದು ಕೇಳಿದೆ. ನಾನೂ ಏನೋ ಯೋಚನೆಯಲ್ಲಿ, ಸಾಕು ಸಾಕು ಎಂದು ತಲೆಯಾಡಿಸಿದೆ. ಅತ್ತಿಗೆ ನಗು ತಡೆಯಲಾರದೆ ಅಡುಗೆಮನೆಗೆ ಹೋದ ಮೇಲೇ ನಮ್ಮಿಬ್ಬರಿಗೂ ಹೊಳೆದದ್ದು. ಹುಟ್ಟಿದಾಗಿನಿಂದ ಕಿವುಡಿಯಾದ ತಂಗಿಗೆ ರೇಡಿಯೋ ತರುವ ಅಣ್ಣ, ಅದನ್ನು ಮೆಚ್ಚುವ ತಂಗಿ. ನಮ್ಮ ಮನೆಯಲ್ಲಲ್ಲದೆ ಇನ್ನೆಲ್ಲಿ ಸಿಗುತ್ತಾರೆ ಇಂಥವರು?

ಆ ಚೀಲವನ್ನು ಕೆಲಸಕ್ಕೆ ತೆಗೆದುಕೊಂಡು ಹೋಗಿದ್ದೆ. ದಿನವೆಲ್ಲ ಬೆನ್ನಿಗೆ ಹಾಕುವ ಚೀಲ ಹೊಲಿಯುವವಳ ಕೈಗೆ ಬೇರೆಯವರ ಹೊಲಿಗೆ ಸಿಕ್ಕರೆ ಬಿಡುತ್ತಾಳೆಯೇ. ಪಟ್ಟಿಯ ಬುಡದಲ್ಲಿ ಒಂದೇ ಸಾಲು ಹೊಲಿಗೆ. ಎರಡು ಬಾಟಲಿ ನೀರು ತುಂಬಿ ಜಗ್ಗಿದೆ, ಪಟ್ಟಿ ಕೈಗೇ ಬಂತು. ನೀರಲ್ಲಿ ಓಡುವಾಗ ಕಿತ್ತುಬಂದಿದ್ದರೆ ಏನು ಗತಿ? ನಾನೇ ದಪ್ಪ ಬಟ್ಟೆಯಲ್ಲಿ ಬೇರೆ ಹೊಲಿದೆ, ಪಟ್ಟಿಯ ಬುಡಕ್ಕೆ ಚೌಕಾಕಾರದ ಹೊಲಿಗೆ ಹಾಕಿ ನಡುವೆ ಅಡ್ಡಡ್ಡ ಎರಡು ಸಾಲು ಎಳೆದೆ. ಈಗ ನೀನು ನೇತಾಡಿದರೂ ಜಗ್ಗುವುದಿಲ್ಲ.

ನಿನ್ನ ಚೀಲದಲ್ಲಿದ್ದ ಸೀಟಿ ಇಟ್ಟುಕೊಂಡಿದ್ದೇನೆ. ನನಗೆ ಕೇಳಿಸದಿದ್ದರೇನು, ಹುಡುಕುವವರಿಗೆ ಕೇಳಿಸುತ್ತದಲ್ಲ. ಹದಿನಾರು ಕೆಲಸ ಮಾಡುವ ಆ ಮಡಚುವ ಚಾಕುವನ್ನು ಬಿಡಿಸಲು ಹೋಗಿ ಉಗುರು ಮುರಿದುಕೊಂಡೆ, ಅದರ ಬದಲು ನನ್ನ ಹಳೇ ಕತ್ತರಿಯೇ ಸಾಕು. ಟಾರ್ಚು ಮಾತ್ರ ಎರಡು. ಕರೆಂಟು ಹೋದರೆ ನಿಮಗೆ ದಾರಿ ಕಾಣುವುದಿಲ್ಲ ಅಷ್ಟೇ, ನನಗೆ ಎದುರಿನವರ ತುಟಿಯೂ ಕಾಣುವುದಿಲ್ಲ. ಅದಕ್ಕೇ ಹಣೆಗೆ ಕಟ್ಟುವ ಟಾರ್ಚು ಕೊಂಡೆ. ನಾನು ಯಾರ ಕಡೆ ತಿರುಗುತ್ತೇನೋ ಅವರ ಮುಖಕ್ಕೇ ಬೆಳಕು ಬೀಳುತ್ತದೆ. ಕಣ್ಣು ಕಿವುಚಿಕೊಂಡು ಬೈಯಲಿ, ಬೈದದ್ದಾದರೂ ತಿಳಿಯುತ್ತದೆ. ಬರೆಯಲು ಪೆನ್ನು ಬೇಡವೆಂದು ಪೆನ್ಸಿಲ್ ಇಟ್ಟೆ, ನೆನೆದರೂ ಬರೆಯುತ್ತದೆ. ಚಪ್ಪಲಿ ಕೆಸರಿನಲ್ಲಿ ಕಳಚಿಹೋಗುತ್ತದೆಂದು ಕಾಲು ಬಿಗಿಯುವ ಷೂ ತಂದು ಬಾಗಿಲ ಬಳಿಯೇ ಇಟ್ಟಿದ್ದೇನೆ.

ಇಷ್ಟೆಲ್ಲ ಇದ್ದರೂ ನಿದ್ದೆಯಲ್ಲಿರುವವಳನ್ನು ಎಬ್ಬಿಸುವವರು ಯಾರು ಎಂದು ನೀನು ಕೇಳುತ್ತೀಯ. ಮಿನುಗುವ ದೀಪ, ನಡುಗುವ ಫೋನು, ಎಲ್ಲವನ್ನೂ ಯೋಚಿಸಿದೆ. ನೀರು ಬಂದರೆ ಮೊದಲು ಹೋಗುವುದೇ ಕರೆಂಟು, ಫೋನಿನಲ್ಲಿ ಚಾರ್ಜ್ ಇರುವುದು ನನ್ನ ಹಣೆಬರಹದಲ್ಲಿಲ್ಲ. ಕೊನೆಗೆ ಚೀಲದ ಬಾಯಿಗೆ ಪೋಣಿಸುವ ನೈಲಾನ್ ಹಗ್ಗ ತಂದೆ. ಒಂದು ತುದಿಯನ್ನು ನನ್ನ ತಲೆದಿಂಬಿಗೆ ಹೊಲಿದೆ, ಇನ್ನೊಂದನ್ನು ಕಿಟಕಿಯಿಂದ ಕೆಳಗೆ ಮಾಲೀಕರ ಜಗಲಿಗೆ ಇಳಿಬಿಟ್ಟೆ. ಅವರು ಎಳೆದರೆ ತಲೆಯ ಕೆಳಗಿನ ದಿಂಬೇ ಓಡಿಹೋಗುತ್ತದೆ. ಅವರು ಊರಲ್ಲಿಲ್ಲದಿದ್ದರೆ? ಎದುರು ರೂಮಿನ ನರ್ಸಮ್ಮನ ಬಾಗಿಲಿಗೂ ಒಂದು ಹಗ್ಗ ಹೋಗಿದೆ.

ಮಾಲೀಕರು ಮೊದಲು ನಕ್ಕರು. ಇದೇನಮ್ಮ, ನಿನ್ನನ್ನ ಬಾವಿಯಿಂದ ಸೇದ್ಬೇಕಾ ಎಂದರು. ನಿಮಗೆ ಇಷ್ಟ ಬಂದ ಹೊತ್ತಿನಲ್ಲಿ ಎಳೆದು ನೋಡಿ, ನಾನು ಇಳಿದು ಬರದಿದ್ದರೆ ಅಣ್ಣನ ಮಾತಿನಂತೆ ರೂಮು ಬಿಡುತ್ತೇನೆ ಎಂದೆ. ಹೌದು, ಪಂಥ ಕಟ್ಟಿದೆ. ಮೊದಲ ಸಲ ಸೋತೆ, ಅದನ್ನೂ ಮುಚ್ಚಿಡುವುದಿಲ್ಲ. ಸೊಳ್ಳೆ ಎಂದು ಕಿಟಕಿ ಹಾಕಿದ್ದೆ, ಹಗ್ಗ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಅವರು ಎಳೆದೇ ಎಳೆದರಂತೆ, ನಾನು ಗೊರಕೆ ಹೊಡೆಯುತ್ತಿದ್ದೆನಂತೆ. ಬೆಳಿಗ್ಗೆ ಅವರ ಮುಖ ನೋಡಿ ಅಳು ಬಂತು. ಇನ್ನೊಂದು ಅವಕಾಶ ಕೊಡಿ ಎಂದು ಕೇಳಿಕೊಂಡು, ಬಡಗಿಯನ್ನು ಕರೆಸಿ ಕಿಟಕಿಯ ಚೌಕಟ್ಟಿಗೆ ತೂತು ಹೊಡೆಸಿದೆ. ಮುಂದಿನ ಸಲ ಅವರು ಹಗ್ಗ ಎಳೆದು ತಮ್ಮ ಕನ್ನಡಕ ಹುಡುಕುತ್ತಿರುವಾಗಲೇ, ಚೀಲ ಬೆನ್ನಿಗೆ, ಟಾರ್ಚು ಹಣೆಗೆ, ನಾನು ಅವರ ಜಗಲಿಯಲ್ಲಿ ನಿಂತಿದ್ದೆ. ಆಮೇಲೂ ಎರಡು ಸಲ ಎಳೆದರು, ನನಗೆ ಈಗ ಅದೊಂದು ಆಟ. ಎಷ್ಟು ವರ್ಷ ಬೇಕಾದರೂ ಇರಮ್ಮ ಎಂದಿದ್ದಾರೆ. ಅವರ ಹೆಂಡತಿ ತಮಗೂ ಅಂಥದೇ ಚೀಲ ಹೊಲಿದುಕೊಡು ಎಂದು ದುಂಬಾಲು ಬಿದ್ದಿದ್ದಾರೆ.

ಆದ್ದರಿಂದ ಅಣ್ಣ, ನಾನು ಬರುವುದಿಲ್ಲ. ಇನ್ನು ಮುಂದೆ ನನ್ನ ರೂಮಿನ ಮಾತನ್ನು ನನ್ನ ಮುಖ ನೋಡಿ ಆಡು. ನಿಮ್ಮ ಮನೆಗೆ ಬರುತ್ತೇನೆ, ಅತ್ತಿಗೆಯ ಕೈಯಡುಗೆ ಹೊಟ್ಟೆ ತುಂಬ ತಿನ್ನುತ್ತೇನೆ, ನಿನ್ನ ಜೊತೆ ಜಗಳ ಆಡುತ್ತೇನೆ, ಸಂಜೆಯಾದರೆ ನನ್ನ ಮನೆಗೆ ಹೊರಡುತ್ತೇನೆ. ನೀನು ಬೇಜಾರು ಮಾಡಿಕೊಂಡರೂ ಸರಿಯೇ.

ಎಲ್ಲಿಗೂ ಹೋಗದ,
ನಿನ್ನ ತಂಗಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡೇ ಪತ್ರ ಮುಗಿಸಿದ್ದೆ, ಮನಸ್ಸು ಕೇಳಲಿಲ್ಲ. ಕಳೆದ ಸಲ ನೀನು ಇಲ್ಲಿಗೆ ಬಂದಾಗ ಮಾಲೀಕರ ಹೆಂಡತಿ ಹಿಂದಿನಿಂದ ನಿನ್ನನ್ನು ಕರೆದೇ ಕರೆದರು, ನೀನು ತಿರುಗಲಿಲ್ಲ. ಎದುರಿಗೆ ಬಂದಾಗ ಅವರ ಕಣ್ಣು ನೋಡದೆ ತುಟಿ ನೋಡುತ್ತಿದ್ದೆ. ಆ ನೋಟ ಯಾರಿಗೆ ಗೊತ್ತಾಗದಿದ್ದರೂ ನನಗೆ ಗೊತ್ತಾಗುತ್ತದೆ ಅಣ್ಣ. ಪ್ರೆಸ್ಸಿನ ಆ ಯಂತ್ರಗಳ ನಡುವೆ ಇಷ್ಟು ವರ್ಷ ದುಡಿದ ಕಿವಿ ಇನ್ನೇನಾದೀತು. ಮನೇಲಿ ನೀನಿದ್ರೆ ನಂಗೂ ಒಂದು ಧೈರ್ಯ ಎಂದು ಹೊರಡುವಾಗ ಅಂದೆಯಲ್ಲ, ಅದು ಏನೆಂದು ಈಗ ತಿಳಿಯಿತು. ನಾನು ಅತ್ತಿಗೆಗೆ ಹೇಳುವುದಿಲ್ಲ, ನೀನೇ ಹೇಳು. ಡಾಕ್ಟರ ಹತ್ತಿರ ಹೋಗು. ಬರುವ ಭಾನುವಾರದಿಂದ ನನ್ನ ರೂಮಿಗೆ ಬಾ, ತುಟಿ ಓದುವುದನ್ನು ಕಲಿಸುತ್ತೇನೆ. ಮೀಸೆ ಇರುವವರ ಮಾತು ಓದುವುದು ಬಲು ಕಷ್ಟ, ಅದನ್ನು ಕೊನೆಗೆ ಇಟ್ಟುಕೊಳ್ಳೋಣ.