ಹಿಂದಿನ ಸಾಲಿನಿಂದ ಕಂಡದ್ದು

ಸೋಮವಾರ, ಮಾರ್ಚ್ ೧೧

ಬೀಗಿತ್ತಿಯವರಿಗೆ ನಮಸ್ಕಾರಗಳು.

ನಾನು ಕ್ಷೇಮ. ನೀವೂ ಕ್ಷೇಮವಾಗಿಯೇ ಇರುತ್ತೀರಿ, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಓದಿದ್ದು ಹೈಸ್ಕೂಲಿನವರೆಗೆ, ಸುತ್ತಿ ಬಳಸಿ ಬರೆಯಲು ಬಾರದು. ಕಾರು ಕೊಂಡಿದ್ದೇನೆ. ಅದನ್ನು ತಿಳಿಸಲು ಈ ಪತ್ರ.

ನಿಮ್ಮದರಂಥದೇ ಕಾರು. ಅದೇ ಕಂಪನಿ, ಅದೇ ಮೂರು ಸಾಲು, ಅದೇ ಕಪ್ಪು. ನಾಲ್ಕನೇ ಬೇಕರಿ ತೆರೆಯಲು ಕೂಡಿಟ್ಟದ್ದೆಲ್ಲ ಇದಕ್ಕೆ ಹೋಯಿತು. ಹೋಗಲಿ. ನನ್ನ ಬನ್ನುಗಳು ಇನ್ನಷ್ಟು ಕಾಲ ಮೂರೇ ಅಂಗಡಿಯಲ್ಲಿ ಉಬ್ಬಲಿ.

ಕಳೆದ ವರ್ಷ ನಿಮ್ಮ ತಂಗಿಯ ಮಗನ ಮದುವೆಗೆ ನಿಮ್ಮ ಕಾರಿನಲ್ಲಿ ಹೋದದ್ದು ನಿಮಗೆ ಮರೆತಿರಬಹುದು. ಅಳಿಯಂದಿರು ಮುಂದೆ, ಡ್ರೈವರ್ ಪಕ್ಕ. ನಡುವಿನ ಸಾಲಿನ ಎರಡು ಒಂಟಿ ಕುರ್ಚಿಗಳಲ್ಲಿ ಒಂದರಲ್ಲಿ ನೀವು, ಇನ್ನೊಂದರಲ್ಲಿ ನಿಮ್ಮ ಹ್ಯಾಂಡ್‌ಬ್ಯಾಗು. ತುಂಬು ಬಸುರಿ ನನ್ನ ಮಗಳು ಮತ್ತು ಮಂಡಿನೋವಿನ ನಾನು ಹಿಂದಿನ ಸಾಲಿನಲ್ಲಿ, ಸೂಟ್‌ಕೇಸುಗಳ ಜೊತೆ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡರೆ ಇವಳು ಮುಂದೆ ಬರಬಹುದು ಎಂದು ನಾನು ಬಾಯಿಬಿಟ್ಟು ಕೇಳಿದೆ. ನಾನು ಯಾರನ್ನೂ ಏನನ್ನೂ ಕೇಳುವವಳಲ್ಲ.

ನೀವು ತಿರುಗಿಯೂ ನೋಡಲಿಲ್ಲ. "ಅಯ್ಯೋ, ಇದು ಟಾಪ್ ಎಂಡ್ ಮಾಡೆಲ್ ಅಲ್ವಾ ಬೀಗರೇ, ಸೀಟಿಂದ ತಣ್ಣನೆ ಗಾಳಿ ಬರುತ್ತೆ. ಬಸುರಿಗೆ ಸೊಂಟ ಹಿಡ್ಕೊಂಡುಬಿಡುತ್ತೆ. ಬ್ಯಾಗಿಗೇನು, ಸೊಂಟ ಇದೆಯಾ?" ಎಂದಿರಿ. "ನಿಮ್ಮ ಬನ್ ವ್ಯಾನಿಗಿಂತ ಹಾಯಾಗಿದೆ ತಾನೇ?" ಎಂದು ನಕ್ಕಿರಿ. ಗುಂಡಿ ಒತ್ತಿ ಕುರ್ಚಿಯನ್ನು ಹಿಂದಕ್ಕೆ ಮಲಗಿಸಿದಿರಿ. ಅದು ನನ್ನ ಮಂಡಿಯ ಮೇಲೇ ಬಂದು ಕೂತಿತು. ಅಳಿಯಂದಿರು ಕಿಟಕಿಯಾಚೆ ನೋಡುತ್ತಿದ್ದರು.

ಕಣ್ಣೀರು ಕೆಳಗೆ ಬೀಳಬಾರದೆಂದು ನಾನು ಮೇಲೆ ನೋಡುತ್ತಾ ಕೂತೆ. ಮೇಲೆ ಬೂದು ಬಟ್ಟೆ ಹೊದಿಸಿದ ಚಾವಣಿ. ದಾರಿಯುದ್ದಕ್ಕೂ ಅದನ್ನೇ ನೋಡಿದೆ.

ಈಗ ಮೊಮ್ಮಗಳು ತೆವಳುತ್ತಾಳೆ. ನನ್ನ ಮಗಳು ಇನ್ನೂ ಹಿಂದಿನ ಸಾಲಿನಲ್ಲೇ ಇದ್ದಾಳೆ, ಕಾರಿನಲ್ಲೂ, ಮನೆಯಲ್ಲೂ. ಎಲ್ಲರೂ ಉಂಡ ಮೇಲೆ ಊಟ, ಎಲ್ಲರೂ ಮಾತಾಡಿದ ಮೇಲೆ ಮಾತು. ಹೋದ ತಿಂಗಳು ಫೋನ್ ಮಾಡಿ, "ಅಮ್ಮಾ, ನಿನ್ನ ವ್ಯಾನಲ್ಲಿ ನಮ್ಮಿಬ್ಬರಿಗೆ ಜಾಗ ಇದೆಯಾ?" ಎಂದಳು. ಇದೆ, ಆದರೆ ಆ ಮನೆಯ ಬಾಗಿಲಿಂದ ನಿನ್ನನ್ನು ವ್ಯಾನಿನಲ್ಲಿ ಕರೆತರುವುದಿಲ್ಲ ಎಂದೆ. ಮಾರನೆಯ ದಿನ ಷೋರೂಮಿಗೆ ಹೋದೆ.

ಸೇಲ್ಸ್‌ಮನ್ ಸ್ಟಿಯರಿಂಗ್ ತೋರಿಸಿದ. ನಾನು ನೇರವಾಗಿ ಹಿಂದಿನ ಸಾಲಿಗೆ ಹತ್ತಿದೆ. "ಅಮ್ಮಾ, ಓನರ್ ಯಾರೂ ಅಲ್ಲಿ ಕೂರಲ್ಲ," ಎಂದ. ಕೂರಿಸಬೇಕಾದವರಿದ್ದಾರೆ, ನೀನು ಹೇಳಪ್ಪ ಎಂದೆ. ಗುಂಡಿ ಒತ್ತಿದರೆ ಆ ಸಾಲು ತಾನೇ ಮಡಚಿಕೊಳ್ಳುತ್ತದೆ ಎಂದು ತೋರಿಸಿದ. ಜನ ಕೂತಿರುವಾಗಲೂ ಮಡಚುತ್ತದೆಯೇ ಎಂದು ಕೇಳಿದೆ. ಪಾಪ, ಗಾಬರಿಯಾದ. "ಇಲ್ಲಮ್ಮಾ, ಸೆನ್ಸರ್ ಇದೆ!" ಎಂದ. ಇರಲಿ ಬಿಡು ಎಂದೆ.

ಆಮೇಲೆ ಅಭ್ಯಾಸಬಲದಿಂದ ತಲೆಯೆತ್ತಿದೆ. ಬೂದು ಬಟ್ಟೆ ಇರಲಿಲ್ಲ. ಮುಂದಿನಿಂದ ಹಿಂದಿನವರೆಗೆ ಗಾಜು!

"ಅದು ಟಾಪ್ ಎಂಡ್‌ಗೆ ಮಾತ್ರ ಅಮ್ಮಾ. ಕೆಳಗಿನ ಮಾಡೆಲ್‌ಗಳಿಗೆ ಹಿಂದೆ ಬಟ್ಟೆನೇ. ಸೀಟಲ್ಲಿ ಗಾಳಿ, ಬೆನ್ನು ಒತ್ತೋದು, ಅದೂ ಇದರಲ್ಲೇ," ಎಂದ. ಹಾಗಾದರೆ ನಮ್ಮ ಬೀಗರ ಕಾರಿಗೆ ಬಟ್ಟೆಯ ಚಾವಣಿಯಿದ್ದೂ ಡಿಕ್ಕಿಯ ಮೇಲೆ ಟಾಪ್ ಎಂಡಿನ ಬಿಲ್ಲೆ ಇದೆಯಲ್ಲ ಎಂದೆ. "ಬಿಲ್ಲೆ ಹೊರಗಡೆ ಬಿಡಿಯಾಗಿ ಸಿಗುತ್ತೆ, ಅಂಟಿಸ್ಕೊಳ್ತಾರೆ," ಎಂದ. ನಾನು ನಕ್ಕ ನಗುವಿಗೆ ಅವನು ಓಡಿಹೋಗಿ ನೀರು ತಂದ.

ನಿಮ್ಮದು ನಡುವಿನ ಮಾಡೆಲ್, ಬೀಗಿತ್ತಿಯವರೇ. ಆ ಕುರ್ಚಿಯಿಂದ ಗಾಳಿ ಬಂದದ್ದೇ ಇಲ್ಲ. ನಿಮ್ಮ ಗುಟ್ಟು ಕಾಣುವ ಜಾಗ ಆ ಕಾರಿನಲ್ಲಿ ಒಂದೇ ಇತ್ತು, ಅಲ್ಲಿಗೆ ನೀವೇ ನನ್ನನ್ನು ತಳ್ಳಿದಿರಿ. ನಿಮ್ಮ ತಂಗಿಗೆ ಇನ್ನೂ ಹೇಳಿಲ್ಲ. ಹೇಳುವುದಿಲ್ಲ ಎಂದೂ ಹೇಳುತ್ತಿಲ್ಲ.

ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋಗುತ್ತಿದ್ದೇನೆ. ಯಾವಾಗ ಮರಳುತ್ತಾಳೆ, ಮರಳುತ್ತಾಳೋ ಇಲ್ಲವೋ, ಅದನ್ನು ಇನ್ನು ಅವಳೇ ಹೇಳುತ್ತಾಳೆ. ಎಲ್ಲರಿಗಿಂತ ಮೊದಲು.

ಇಂತಿ,
ಬನ್ ವ್ಯಾನಿನ ಬೀಗಿತ್ತಿ

ಮರೆತ ಮಾತು: ಇದನ್ನು ನಿಮ್ಮ ಗೇಟಿನ ಮುಂದೆ ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ನೀವು ಮಧ್ಯಾಹ್ನದ ನಿದ್ದೆಯಲ್ಲಿದ್ದೀರಂತೆ, ಎಬ್ಬಿಸಬೇಡಿ ಎಂದೆ. ನಡುವಿನ ಸಾಲಿನ ಒಂದು ಕುರ್ಚಿಯಲ್ಲಿ ಮಗಳು, ಇನ್ನೊಂದರಲ್ಲಿ ಮಗು. ಅಳಿಯಂದಿರೂ ಹೊರಟು ನಿಂತಿದ್ದಾರೆ. ಮುಂದಿನ ಬಾಗಿಲಿಗೆ ಕೈಹಾಕಿದರು. ಡ್ರೈವರ್ ಪಕ್ಕ ನಾನು ಕೂತಿದ್ದೇನೆ, ಹಿಂದೆ ಹೋಗಿ ಎಂದೆ. ಹಿಂದಿನ ಸಾಲಿಗೆ ಹತ್ತಿ, ಮಂಡಿ ಮಡಚಿಕೊಂಡು ಕೂತರು. ಈಗ ಅವರನ್ನೇ ಇಳಿಸಿ, ಈ ಪತ್ರವನ್ನು ನಿಮ್ಮ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟು ಬರಲು ಕಳಿಸುತ್ತಿದ್ದೇನೆ.