ಟೈಟಸ್‌ನ ಬೆರಳುಗಳು

೩೦ ಸೆಪ್ಟೆಂಬರ್ ೧೮೮೨, ಶನಿವಾರ. ಓಹಾಯೊ

ಈ ವರ್ಷದ ಬೇಸ್‌ಬಾಲ್ ಚಾಂಪಿಯನ್ ಪಟ್ಟ ನಮ್ಮದಾಯಿತು. ಅದಕ್ಕೆಂದು ಈ ರಾತ್ರಿ ತಂಡಕ್ಕೆ ಔತಣವಿತ್ತು.

ವರ್ಷವೆಲ್ಲ ಬ್ಯಾಟುಗಾರನ ಹಿಂದೆ ನಿಂತು, ನಾನು ಎಸೆದ ಚೆಂಡನ್ನೆಲ್ಲ ಬರಿಗೈಯಲ್ಲಿ ಹಿಡಿದವನು ಟೈಟಸ್. ಬೆರಳು ಮುರಿದ ದಿನವೂ, "ಮಗೂಗೆ ಚೆಂಡು ಆಡಿಸ್ತಿದೀಯೇನೋ? ಜೋರಾಗಿ ಬಿಡೋ!" ಎಂದು ಬೈದಿದ್ದ. ನಾನು ಜೋರಾಗಿಯೇ ಬಿಟ್ಟೆ.

ಗೆದ್ದವರಿಗೆ ಪಂದ್ಯದ ಚೆಂಡು ಸಲ್ಲುವುದು ವಾಡಿಕೆ. ನಾಯಕ ಅದನ್ನು ಟೈಟಸ್‌ನ ಕೈಗಿಟ್ಟ. ಬೆರಳು ಮಡಚಲಾಗದೆ ಚೆಂಡು ಸೂಪಿನ ಬಟ್ಟಲಿಗೆ ಬಿತ್ತು.

"ವರ್ಷವೆಲ್ಲ ಒಂದು ಚೆಂಡೂ ಕೈಬಿಡದೋನು ಈಗ ಬಿಟ್ಟ ನೋಡ್ರೋ!" ಎಂದು ಆಟಗಾರನೊಬ್ಬ ಕೂಗಿದ.

ಎಲ್ಲರೂ ನಕ್ಕರು, ಟೈಟಸ್ ಕೂಡ. ನಗದವರು ಇಬ್ಬರೇ: ನಾನು, ಮತ್ತು ಮುಂದಿನ ವರ್ಷ ತಂಡದಲ್ಲಿ ಯಾರಿರಬೇಕೆಂದು ತೀರ್ಮಾನಿಸುವ ಮಾಲೀಕರು. ಅವರು ಆ ಬೆರಳುಗಳನ್ನೇ ನೋಡುತ್ತಿದ್ದರು. ಆಮೇಲೆ ನನ್ನ ತೋಳು ತಟ್ಟಿ, "ಈ ಕೈ ಜೋಪಾನ ಕಣಯ್ಯ" ಎಂದರು.