ಗಟ್ಟಿಮೇಳಕ್ಕೆ ಕಾಯದ ವಿಮಾನ

ಯಲಹಂಕ, ಬುಧವಾರ

ಅಪ್ಪಾ,

ಯುದ್ಧವಿಮಾನದ ಫೋಟೊ ಸಿಕ್ಕಿಬಿಟ್ಟಿತು! ಬೆಳಿಗ್ಗೆಯೆಲ್ಲ ಬರೀ ಖಾಲಿ ಆಕಾಶ ಬಂದಿತ್ತು. ಮದುವೆಯಲ್ಲಿ ಗಟ್ಟಿಮೇಳ ಮೊಳಗಿದೊಡನೆ ಕ್ಲಿಕ್ ಮಾಡಬೇಕೆಂದು ನೀನೇ ಕಲಿಸಿದ್ದಲ್ಲವೇ? ಇಲ್ಲೂ ಸದ್ದಿಗೇ ಕಾದೆ. ಸದ್ದು ಕೇಳುವಷ್ಟರಲ್ಲಿ ಜೆಟ್ ತಲೆ ದಾಟಿ ಹೋಗಿರುತ್ತದೆ! ಮಧ್ಯಾಹ್ನ ಕಿವಿಗೆ ಹತ್ತಿ ತುರುಕಿಕೊಂಡು ಕಣ್ಣನ್ನಷ್ಟೇ ನಂಬಿದೆ. ಮೂರು ಜೆಟ್ ಒಂದೇ ಫೋಟೊದಲ್ಲಿ, ಪೈಲಟ್‌ನ ಹೆಲ್ಮೆಟ್ ಕೂಡ ಕಾಣುತ್ತಿದೆ!

ಹಿರೀಸಾವೆ ಮದುವೆಯಲ್ಲಿ ಗಟ್ಟಿಮೇಳ ಕೇಳಿಸದೆ ತಾಳಿ ಕಟ್ಟುವ ಫೋಟೊ ತಪ್ಪಿದ ದಿನ, “ಕಿವಿ ಕೇಳಾಕಿಲ್ಲ ಕಣವ್ವಾ, ಇನ್ಮೇಲೆ ಕ್ಯಾಮೆರಾ ಮುಟ್ಟಾಕಿಲ್ಲ” ಅಂದೆಯಲ್ಲ. ಸ್ಟುಡಿಯೊ ಬೀರುವಿನಲ್ಲಿಟ್ಟ ಉದ್ದ ಲೆನ್ಸ್ ಒರೆಸಿಕೊಂಡು, ಈ ಪತ್ರ ತಂದ ಮಂಜೇಶಣ್ಣನ ಕಾರಿನಲ್ಲೇ ಹೊರಟು ಬಾ. ನಾಳೆಯೂ ಏರ್ ಶೋ ಇದೆ. ಬಿಸಿಲು ಜೋರು, ಟೋಪಿ ಮರೆಯಬೇಡ.

ಹತ್ತಿ ಮಾತ್ರ ತರಬೇಡ. ನಿನಗೆ ಅದು ಬೇಕಾಗುವುದಿಲ್ಲ.

ನಿನ್ನ ಮಗಳು,
ದೀಪಶ್ರೀ